ಮರೆವಿನ ಕಾಯಿಲೆ ಇರುವ ಅತ್ತೆಗೆ ಹಾಡು ಕೇಳಿಸುವುದು ಹೇಗೆ? ಜೊತೆಗೆ ಕೂರಲೇಬೇಕೆ?

ಪ್ರಶ್ನೆ: ನಮ್ಮ ಅತ್ತೆಗೆ 78 ವರ್ಷ. ಮೂರು ವರ್ಷದ ಹಿಂದೆ ಅಲ್ಜೈಮರ್ಸ್ ಎಂದು ಗೊತ್ತಾಯಿತು. ಅವರ ತವರು ರಾಣೆಬೆನ್ನೂರಿನ ಹತ್ತಿರದ ಹಳ್ಳಿ, ನಾವೀಗ ಇರುವುದು ದಾವಣಗೆರೆಯಲ್ಲಿ. ಸಂಜೆ ಐದಾಯಿತೆಂದರೆ ಸೆರಗು ಸರಿಮಾಡಿಕೊಂಡು "ಊರಿಗೆ ಹೋಗ್ತೀನಿ" ಎಂದು ಬಾಗಿಲ ಬಳಿ ನಿಲ್ಲುತ್ತಾರೆ. ಹಾಡು ಕೇಳಿಸಿದರೆ ಒಳ್ಳೆಯದು ಎಂದು ಯಾರೋ ಹೇಳಿದ್ದಕ್ಕೆ ಟಿವಿಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಭಕ್ತಿಗೀತೆ ಹಚ್ಚಿಟ್ಟೆವು. ಮೊದಲೆರಡು ದಿನ ಕೇಳಿದರು, ಆಮೇಲೆ ರೇಗತೊಡಗಿದರು. ಯಾವ ಹಾಡು ಹಾಕಬೇಕು? ಹಾಕಿಟ್ಟು ನಾನು ಅಡುಗೆ ಮಾಡಿಕೊಳ್ಳಬಹುದೇ, ಪಕ್ಕದಲ್ಲೇ ಕೂರಬೇಕೇ? ಇದರಿಂದ ನೆನಪು ಮರಳುತ್ತದೆಯೇ?

ಉತ್ತರ: ಪಕ್ಕದಲ್ಲಿ ಕೂರಬೇಕು. ಆದರೆ ದಿನವಿಡೀ ಅಲ್ಲ, ಇಪ್ಪತ್ತರಿಂದ ಮೂವತ್ತು ನಿಮಿಷ ಸಾಕು. ಉಳಿದ ಹೊತ್ತು ಹಾಡು ಬಂದ್ ಆಗಿರಲಿ.

ಮೊದಲು ನಿಮ್ಮ ಅತ್ತೆಯವರು ಯಾಕೆ ರೇಗಿದರು ಎಂಬುದನ್ನು ನೋಡೋಣ. ಬೇಡದ ಸದ್ದನ್ನು ಬದಿಗೆ ಸರಿಸಿ ಬೇಕಾದ್ದನ್ನಷ್ಟೇ ಕೇಳಿಸಿಕೊಳ್ಳುವ ಶಕ್ತಿ ಈ ಕಾಯಿಲೆಯಲ್ಲಿ ಕುಗ್ಗುತ್ತದೆ. ಟಿವಿ ಓಡುತ್ತಿದ್ದರೂ ನಮ್ಮ ಪಾಡಿಗೆ ನಾವು ಕೆಲಸ ಮಾಡಿಕೊಂಡಿರುತ್ತೇವೆ. ಅವರಿಗೆ ಟಿವಿಯ ಹಾಡು, ಕುಕ್ಕರಿನ ಸೀಟಿ, ಊಟಕ್ಕೆ ಕರೆಯುವ ನಿಮ್ಮ ದನಿ ಎಲ್ಲವೂ ಒಟ್ಟಿಗೆ ಕಿವಿಗೆ ಬೀಳುತ್ತವೆ. ಸಾಲದ್ದಕ್ಕೆ ಪರದೆಯ ಮೇಲೆ ಚಿತ್ರ ಬದಲಾಗುತ್ತಲೇ ಇರುತ್ತದೆ, ನಡುನಡುವೆ ಜಾಹೀರಾತು ಅರಚುತ್ತದೆ. ನಿಲ್ಲಿಸಿ ಎಂದು ಹೇಳಲು ಮಾತು ಸಿಗದಿದ್ದಾಗ ಸಿಟ್ಟೇ ಅವರ ಮಾತು. ಇನ್ನೊಂದು ವಿಷಯ, ಆ ಭಕ್ತಿಗೀತೆಗಳು ಬಹುಶಃ ಅವರವಲ್ಲ. ಕಳೆದ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಬಂದ ಹಾಡುಗಳಾಗಿದ್ದರೆ ಅವು ಅವರ ಪಾಲಿಗೆ ಹೆಚ್ಚುಕಡಿಮೆ ಅಪರಿಚಿತರ ದನಿಯೇ.

ನೆನಪು ಮರಳುತ್ತದೆಯೇ ಎಂದು ಕೇಳಿದ್ದೀರಿ. ಮರಳುವುದಿಲ್ಲ, ಕಾಯಿಲೆ ನಿಲ್ಲುವುದೂ ಇಲ್ಲ. ಸಂಗೀತ ಆಧರಿಸಿದ ಚಿಕಿತ್ಸೆಗಳ ಬಗ್ಗೆ ನಡೆದ ಅಧ್ಯಯನಗಳನ್ನು ಕಾಕ್ರೇನ್ ಸಂಸ್ಥೆ 2018ರಲ್ಲಿ ಒಟ್ಟುಗೂಡಿಸಿ ನೋಡಿತು. ಮನಸ್ಸಿನ ಕುಗ್ಗುವಿಕೆ ಮತ್ತು ಒಟ್ಟಾರೆ ವರ್ತನೆಯ ತೊಂದರೆಗಳು ಸ್ವಲ್ಪ ತಗ್ಗಿದ್ದು ಕಂಡಿತು. ಜ್ಞಾಪಕಶಕ್ತಿಯಲ್ಲಾಗಲಿ ಚಡಪಡಿಕೆಯಲ್ಲಾಗಲಿ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ಆಸ್ಟ್ರೇಲಿಯಾ, ಜರ್ಮನಿ, ಬ್ರಿಟನ್, ನಾರ್ವೆ, ಪೋಲೆಂಡ್‌ಗಳಲ್ಲಿ ಮನೆಯವರಿಗೇ ತರಬೇತಿ ಕೊಟ್ಟು ನಡೆಸಿದ ಹೋಮ್‌ಸೈಡ್ ಎಂಬ ದೊಡ್ಡ ಅಧ್ಯಯನದ ಫಲಿತಾಂಶ 2023ರಲ್ಲಿ ಬಂತು. ತಿಂಗಳುಗಳ ನಂತರ ಅಳೆದಾಗ, ವರ್ತನೆಯ ತೊಂದರೆಗಳು ಮಾಮೂಲಿ ಆರೈಕೆಯಲ್ಲಿದ್ದವರಿಗಿಂತ ಹೆಚ್ಚೇನೂ ಇಳಿದಿರಲಿಲ್ಲ. ಫಿನ್‌ಲೆಂಡಿನಲ್ಲಿ ತೆಪ್ಪೊ ಸರ್ಕಾಮೊ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚಿತ್ರ ಬೇರೆ. ಕಾಯಿಲೆಯವರು ಮತ್ತು ಅವರನ್ನು ನೋಡಿಕೊಳ್ಳುವವರು ಸೇರಿದ 89 ಜೋಡಿಗಳಲ್ಲಿ ಕೆಲವರು ಹತ್ತು ವಾರ ಹಾಡಿದರು, ಕೆಲವರು ಕೂತು ಕೇಳಿದರು, ಉಳಿದವರು ಮಾಮೂಲಿ ಆರೈಕೆಯಲ್ಲಿದ್ದರು. ಹಾಡಿದವರಲ್ಲೂ ಕೇಳಿದವರಲ್ಲೂ ಮನಸ್ಸು ಹಗುರಾದದ್ದು ಕಂಡಿತು. ಹಾಡಿದ ಗುಂಪಿನಲ್ಲಿ ನೋಡಿಕೊಳ್ಳುವವರ ಯೋಗಕ್ಷೇಮವೂ ಸುಧಾರಿಸಿತು.

ಇದನ್ನೆಲ್ಲ ಮುಂದಿಟ್ಟುಕೊಂಡು ನಾವು ಮನೆಯವರಿಗೆ ಹೇಳುವುದು ಇಷ್ಟು: ಫಲವನ್ನು ಆ ಅರ್ಧ ಗಂಟೆಯ ಒಳಗೇ ಹುಡುಕಿ. ಅವರ ಬೆರಳು ತಾಳ ಹಾಕಿತೇ, ತುಟಿ ಅಲುಗಿತೇ, ನಿಮ್ಮ ಮುಖ ನೋಡಿದರೇ, ಆಮೇಲಿನ ಸ್ನಾನವೋ ಊಟವೋ ಜಗಳವಿಲ್ಲದೆ ನಡೆಯಿತೇ ಎಂದು ನೋಡಿ. ತಿಂಗಳ ಕೊನೆಗೆ ನೆನಪು ಎಷ್ಟು ಹೆಚ್ಚಾಯಿತು ಎಂದು ಅಳೆಯಲು ಹೊರಟವರು ನಿರಾಸೆಯಿಂದ ಕೈಬಿಡುತ್ತಾರೆ. ಸಿಗುತ್ತಿದ್ದ ಸುಖವೂ ಹೋಗುತ್ತದೆ.

ಹೆಸರು, ದಿನ, ಊಟ ಮಾಡಿದ್ದು ಮರೆತವರಿಗೆ ಹಾಡು ಹೇಗೆ ನೆನಪಿರುತ್ತದೆ ಎಂಬುದಕ್ಕೂ ಒಂದು ವಿವರಣೆ ಇದೆ. ಬಹುಕಾಲದಿಂದ ಪರಿಚಿತವಾದ ಸಂಗೀತವನ್ನು ಗುರುತಿಸುವಾಗ ಕೆಲಸ ಮಾಡುವ ಮೆದುಳಿನ ಭಾಗಗಳು ಅಲ್ಜೈಮರ್ಸ್‌ನಲ್ಲಿ ಉಳಿದ ಭಾಗಗಳಿಗಿಂತ ತಡವಾಗಿ ಸವೆಯುತ್ತವೆ ಎಂದು ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು 2015ರಲ್ಲಿ ತೋರಿಸಿದರು. ಹಾಗಾಗಿ ಹೊಸ ಹಾಡು ಎಷ್ಟೇ ಇಂಪಾಗಿದ್ದರೂ ಈ ಕೆಲಸಕ್ಕೆ ಬಾರದು. ಹಳೆಯದೇ ಬೇಕು, ಅದೂ ಅವರ ಹಳೆಯದು.

ಯಾವುದು ಅವರದು? ಮನುಷ್ಯರಿಗೆ ಹತ್ತರಿಂದ ಇಪ್ಪತ್ತೈದು ಮೂವತ್ತರ ವಯಸ್ಸಿನೊಳಗೆ ಕೇಳಿದ್ದು ಗಟ್ಟಿಯಾಗಿ ಉಳಿಯುತ್ತದೆ. ನಿಮ್ಮ ಅತ್ತೆಯವರಿಗೆ ಅದು ಸುಮಾರು 1957ರಿಂದ 1975ರವರೆಗಿನ ಕಾಲ. ಆಗ ಆ ಸೀಮೆಯ ಹಳ್ಳಿಯಲ್ಲಿ ಕಿವಿಗೆ ಬೀಳುತ್ತಿದ್ದದ್ದು ಏನು ಎಂದು ಯೋಚಿಸಿ. ಧಾರವಾಡ ಆಕಾಶವಾಣಿ 1950ರಲ್ಲೇ ಶುರುವಾಗಿತ್ತು, ಭದ್ರಾವತಿ ಕೇಂದ್ರ 1965ರಲ್ಲಿ ಬಂತು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಅವರು ಹಾಡಿದ ವಚನಗಳು; ಪಿ. ಕಾಳಿಂಗರಾಯರ ಭಾವಗೀತೆ, ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ಪಿ. ಸುಶೀಲಾ ಅವರ ಸಿನಿಮಾ ಹಾಡು. ರೇಡಿಯೊ ಸಿಲೋನಿನಿಂದ ಬರುತ್ತಿದ್ದ ಹಿಂದಿ ಹಾಡು. ಜಾತ್ರೆಯಲ್ಲಿ ಕಂಪನಿ ನಾಟಕದ ರಂಗಗೀತೆ. ಮನೆಯಲ್ಲಿ ಬೀಸುವ ಪದ, ಮದುವೆಯಲ್ಲಿ ಸೋಬಾನೆ, ಮಠದಲ್ಲಿ ಭಜನೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ಅದಕ್ಕೆ ಸ್ವಲ್ಪ ಸಮಯ ಕೊಡಿ. ಪದ ಒಂದೇ ಆದರೂ ಧಾಟಿ ಬೇರೆಯಾದರೆ ಅವರಿಗೆ ಅದು ಬೇರೆಯೇ ಹಾಡು. ಶಿಶುನಾಳ ಷರೀಫರ ತತ್ವಪದವನ್ನು ಹುಡುಗಿಯಾಗಿದ್ದಾಗ ಅವರು ಕೇಳಿರುವುದು ಏಕತಾರಿ, ದಮ್ಮಡಿ ಹಿಡಿದ ಭಜನೆ ಮೇಳದವರ ಬಾಯಲ್ಲಿ. ಸಿ. ಅಶ್ವಥ್ ಅವರ ಧಾಟಿ ಮನೆಮಾತಾಗುವ ಹೊತ್ತಿಗೆ ಅವರು ಮೂವತ್ತು ದಾಟಿದ್ದರು. ಅದೂ ಇಷ್ಟವಾದೀತು, ಆದರೆ ಬಾಯಿಗೆ ತಾನಾಗಿ ಬರುವುದು ಮೊದಲಿನದು. ಸಿನಿಮಾ ಹಾಡಾದರೆ ಮೂಲ ದನಿಯ ಮುದ್ರಿಕೆಯೇ ಬೇಕು. ಈಗಿನವರು ಮತ್ತೆ ಹಾಡಿದ್ದು, ವೇಗ ಹೆಚ್ಚಿಸಿದ್ದು, ಡೋಲು ಸೇರಿಸಿದ್ದು ಬೇಡ. ಮುದ್ರಿಕೆಯೇ ಸಿಗದ ಬೀಸುವ ಪದ, ಸೋಬಾನೆಗಳಿಗೆ ಅವರ ತಂಗಿಯೋ ನಾದಿನಿಯೋ ಇದ್ದರೆ ಅವರ ಬಾಯಲ್ಲೇ ಹೇಳಿಸಿ ಫೋನಿನಲ್ಲಿ ಹಿಡಿದಿಟ್ಟುಕೊಳ್ಳಿ. ನಡುಗುವ ದನಿಯಾದರೂ ಸರಿ. ಈ ಕೆಲಸವನ್ನು ಮುಂದೂಡಬೇಡಿ, ಆ ಪದಗಳನ್ನು ಬಲ್ಲವರಿಗೂ ವಯಸ್ಸಾಗುತ್ತಿದೆ.

ಮೊದಲ ಪಟ್ಟಿ ಮಾಡಲು ಅವರ ಒಡಹುಟ್ಟಿದವರನ್ನೂ ಊರಿನ ಹಳೆಯ ಗೆಳತಿಯರನ್ನೂ ಕೇಳಿ. "ಯಾವ ಹಾಡು ಇಷ್ಟ ಇತ್ತು" ಎಂದು ಕೇಳಿದರೆ ಬಹಳ ಜನ "ದೇವರ ಹಾಡು" ಎಂದುಬಿಡುತ್ತಾರೆ. ಬಿಡಿಸಿ ಕೇಳಿ: ಶಾಲೆಯಲ್ಲಿ ಪ್ರಾರ್ಥನೆ ಯಾವುದಿತ್ತು, ಟೆಂಟ್ ಸಿನಿಮಾಕ್ಕೆ ಯಾರ ಜೊತೆ ಹೋಗುತ್ತಿದ್ದರು, ಕಳೆ ಕೀಳುವಾಗ ಏನು ಹೇಳುತ್ತಿದ್ದರು, ಮಕ್ಕಳನ್ನು ಮಲಗಿಸುವಾಗ ಏನು ಹಾಡುತ್ತಿದ್ದರು. ಮಾತೃಭಾಷೆ ಕನ್ನಡವಲ್ಲದಿದ್ದರೆ ತೆಲುಗೋ ಉರ್ದುವೋ ಮರಾಠಿಯೋ, ಬಾಲ್ಯದ ಆ ಭಾಷೆಯ ಹಾಡು ಖಂಡಿತ ಇರಲಿ. ಕಾಯಿಲೆ ಮುಂದುವರಿದಂತೆ ಆಮೇಲೆ ಕಲಿತ ಭಾಷೆ ಮೊದಲು ಸರಿಯುವುದುಂಟು.

ಪಟ್ಟಿ ಇದ್ದರೆ ಸಾಲದು, ಪರೀಕ್ಷಿಸಬೇಕು. ಅವರು ಉಂಡು ವಿಶ್ರಾಂತಿ ಪಡೆದು ಸಮಾಧಾನವಾಗಿರುವ ಹೊತ್ತಿನಲ್ಲಿ ದಿನಕ್ಕೆ ಮೂರು ನಾಲ್ಕು ಹಾಡು ಹಾಕಿ, ಪ್ರತಿಯೊಂದಕ್ಕೂ ಎರಡು ನಿಮಿಷ ಕೊಡಿ. ಫೋನ್ ನೋಡದೆ ಅವರನ್ನೇ ನೋಡಿ. ಹುಬ್ಬು ಮೇಲೇರುವುದು, ಪಾದ ಅಲುಗುವುದು, ಉಸಿರು ನಿಧಾನವಾಗುವುದು, ತುಟಿ ಪದದ ಆಕಾರ ತಾಳುವುದು ಒಪ್ಪಿಗೆಯ ಗುರುತು. ಮುಖ ತಿರುಗಿಸುವುದು, ಸೀರೆಯ ಅಂಚು ಹಿಸುಕುವುದು, ಏಳಲು ನೋಡುವುದು ಬೇಡ ಎಂಬ ಗುರುತು. ಪ್ರತಿಕ್ರಿಯೆ ತಡವಾಗಿ ಬರುವುದರಿಂದ ಇಪ್ಪತ್ತು ಸೆಕೆಂಡಿಗೇ ಹಾಡು ಬದಲಿಸಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ಹಾಡು, ಹೊತ್ತು, ಮುಂಚೆ ಹೇಗಿದ್ದರು, ನಡುವೆ ಏನಾಯಿತು, ಅರ್ಧ ಗಂಟೆ ಬಿಟ್ಟು ಹೇಗಿದ್ದರು ಎಂದು ಒಂದೊಂದು ಸಾಲು ಬರೆಯಿರಿ. ಎರಡು ವಾರದಲ್ಲಿ ಹದಿನೈದಿಪ್ಪತ್ತು ಹಾಡು ಗಟ್ಟಿಯಾಗಿ ಸಿಕ್ಕಿದರೆ ಬೇಕಾದಷ್ಟಾಯಿತು. ಹಾಡಿನ ಸಂಖ್ಯೆ ಹೆಚ್ಚಿಸುವ ಹಟ ಬೇಡ.

ಇನ್ನು ಯಂತ್ರ. ಯೂಟ್ಯೂಬಿನಿಂದ ನೇರವಾಗಿ ಹಾಕುವುದನ್ನು ಬಿಡಿ. ಹಾಡಿನ ಮಧ್ಯೆ ಜಾಹೀರಾತು ನುಗ್ಗುತ್ತದೆ, ಹಾಡು ಮುಗಿದೊಡನೆ ಅದು ತನಗೆ ಬೇಕಾದ್ದನ್ನು ಶುರುಮಾಡುತ್ತದೆ. ಹಣ ಕೊಟ್ಟು ಪಡೆದ ಆ್ಯಪಿನಲ್ಲಿ ಡೌನ್‌ಲೋಡ್ ಮಾಡಿಕೊಳ್ಳಿ, ಇಲ್ಲವೇ ಪೆನ್‌ಡ್ರೈವ್‌ಗೆ ಹಾಕಿ. ಪೆನ್‌ಡ್ರೈವ್‌ನಲ್ಲಿ ಕಡತದ ಹೆಸರಿನ ಮುಂದೆ 01, 02 ಎಂದು ಅಂಕಿ ಸೇರಿಸಿದರೆ ಬಹುತೇಕ ಪ್ಲೇಯರ್‌ಗಳು ಅದೇ ಕ್ರಮದಲ್ಲಿ ನುಡಿಸುತ್ತವೆ. ಹಳೆಯ ಹಾಡು ತುಂಬಿಕೊಂಡೇ ಬರುವ ಕಾರವಾನ್ ಮಾದರಿಯ ಪೆಟ್ಟಿಗೆ ನೋಡಲು ರೇಡಿಯೊದಂತೆಯೇ ಇರುವುದರಿಂದ ಈ ವಯಸ್ಸಿನವರಿಗೆ ಗಾಬರಿಯಾಗುವುದಿಲ್ಲ. ಪೆನ್‌ಡ್ರೈವ್ ಹಾಕಲು ಜಾಗವಿದೆಯೇ ಎಂದು ನೋಡಿ ಕೊಳ್ಳಿ. ಫೋನಿನಿಂದ ಬ್ಲೂಟೂತ್ ಸ್ಪೀಕರಿಗೆ ಕಳಿಸುವುದಾದರೆ ಏರ್‌ಪ್ಲೇನ್ ಮೋಡ್ ಹಾಕಿ ಬ್ಲೂಟೂತ್ ಮಾತ್ರ ಆನ್ ಮಾಡಿ, ಇಲ್ಲದಿದ್ದರೆ ನಡುವೆ ಬಂದ ಕರೆಯ ಗಂಟೆ ಸ್ಪೀಕರಿನಲ್ಲಿ ಮೊಳಗಿ ಅವರು ಬೆಚ್ಚುತ್ತಾರೆ. ಹಾಡಿನಿಂದ ಹಾಡಿಗೆ ಸದ್ದಿನ ಮಟ್ಟ ಬದಲಾಗುವುದೂ ತೊಂದರೆಯೇ. ಹಳೆಯ ಮುದ್ರಿಕೆ ಮೆತ್ತಗೆ, ಆಮೇಲಿನದು ಜೋರು ಇರುತ್ತದೆ. ಆ್ಯಪಿನಲ್ಲಿ ಧ್ವನಿಮಟ್ಟ ಸಮ ಮಾಡುವ ಆಯ್ಕೆ ಇದ್ದರೆ ಆನ್ ಮಾಡಿ.

ಹೆಡ್‌ಫೋನ್ ಮನೆಯಲ್ಲಿ ಬೇಡ ಎಂದೇ ನಮ್ಮ ಸಲಹೆ. ಅವರೊಬ್ಬರ ಕಿವಿಗಷ್ಟೇ ಹಾಡು ಬಿದ್ದರೆ ನೀವು ಪಕ್ಕದಲ್ಲಿ ಕೂತೂ ಹೊರಗಿನವರಾಗುತ್ತೀರಿ. ಮನೆ ತೀರಾ ಗದ್ದಲದ್ದಾದರೆ ಒಂದೇ ತೂತಿನಿಂದ ಎರಡು ಹೆಡ್‌ಫೋನ್‌ಗೆ ಕವಲೊಡೆಯುವ ತಂತಿ ಸಿಗುತ್ತದೆ, ಇಬ್ಬರೂ ಹಾಕಿಕೊಳ್ಳಿ. ಕಿವಿಯ ಒಳಗೆ ತುರುಕುವ ಬಗೆಯದು ಬೇಡ, ಅವರು ಕಿತ್ತು ಬಾಯಿಗಿಟ್ಟುಕೊಳ್ಳುವ ಅಪಾಯವಿದೆ.

ಶುರು ಮಾಡುವ ಮುನ್ನ ಕಿವಿ ತೋರಿಸಿಕೊಂಡು ಬನ್ನಿ. ಗುಗ್ಗೆ ಗಟ್ಟಿಯಾಗಿ ಕೂತಿದ್ದರೆ ಅದನ್ನು ತೆಗೆಸಿದ ಮಾತ್ರಕ್ಕೇ ಅರ್ಧ ಸಮಸ್ಯೆ ಪರಿಹಾರವಾದದ್ದುಂಟು. ವಯಸ್ಸಿನ ಕಿವುಡಿನಲ್ಲಿ ಮೆತ್ತಗಿನ ಸದ್ದು ಕೇಳಿಸುವುದಿಲ್ಲ, ಸ್ವಲ್ಪ ಹೆಚ್ಚಿಸಿದರೆ ಥಟ್ಟನೆ ನೋವಾಗುವಷ್ಟು ಜೋರಾಗುತ್ತದೆ. ಎರಡರ ನಡುವಿನ ಅಂತರ ಕಿರಿದಾಗಿರುತ್ತದೆ. ಆದ್ದರಿಂದ ಸದ್ದು ಏರಿಸುವ ಬದಲು ಸ್ಪೀಕರನ್ನು ಹತ್ತಿರ ತನ್ನಿ. ಅವರಿಂದ ಒಂದು ಮೀಟರ್ ದೂರದಲ್ಲಿ, ಕಣ್ಣಿಗೆ ಕಾಣುವಂತೆ, ಚೆನ್ನಾಗಿ ಕೇಳುವ ಕಿವಿಯ ಕಡೆಗೆ ಇಡಿ. ನೀವು ಮಾಮೂಲಿ ದನಿಯಲ್ಲಿ ಆಡಿದ ಮಾತು ಹಾಡಿನ ಮೇಲೂ ಅವರಿಗೆ ತಿಳಿಯಬೇಕು, ಅದೇ ಸರಿಯಾದ ಮಟ್ಟ. ಸ್ಪೀಕರ್ ಕಣ್ಣಿಗೆ ಕಾಣಬೇಕು ಎಂದದ್ದಕ್ಕೆ ಕಾರಣವಿದೆ: ಎಲ್ಲಿಂದಲೋ ದನಿ ಬಂದರೆ ಮನೆಯಲ್ಲಿ ಯಾರೋ ಇದ್ದಾರೆ ಎಂದು ಹೆದರುವವರಿದ್ದಾರೆ. ಇಲ್ಲದ್ದು ಕಾಣುವ ಲೂಯಿ ಬಾಡಿ ಎಂಬ ಬಗೆಯ ಮರೆವಿನ ಕಾಯಿಲೆಯಲ್ಲಿ ಇದರ ಬಗ್ಗೆ ಇನ್ನೂ ಎಚ್ಚರ ಬೇಕು.

ಈಗ ಆ ಅರ್ಧ ಗಂಟೆ. ನಿಮ್ಮ ಅತ್ತೆಯವರ ತಳಮಳ ಐದಕ್ಕೆ ಶುರುವಾಗುವುದಾದರೆ ನೀವು ನಾಲ್ಕೂವರೆಗೇ ಕೂರಬೇಕು. ಚಡಪಡಿಕೆ ಏರುವ ಸುಮಾರು ಮೂವತ್ತು ನಿಮಿಷ ಮುಂಚೆ ಹಾಡು ಶುರುವಾಗಬೇಕು ಎಂಬುದು ಅಮೆರಿಕದ ನರ್ಸಿಂಗ್ ಸಂಶೋಧಕಿ ಲಿಂಡಾ ಗರ್ಡ್‌ನರ್ ರೂಪಿಸಿದ ಕ್ರಮ. ಏರಿದ ಮೇಲೆ ಹಾಕಿದ ಹಾಡು ಮತ್ತೊಂದು ಗದ್ದಲವಷ್ಟೇ. ಮೊದಲು ಮೂತ್ರಕ್ಕೆ ಕರೆದುಕೊಂಡು ಹೋಗಿ, ನೀರೋ ಚಹಾವೋ ಕೊಡಿ, ದೀಪ ಹಾಕಿ. ಮಬ್ಬುಗತ್ತಲೆಯ ನೆರಳುಗಳೂ ತಳಮಳ ಹೆಚ್ಚಿಸುತ್ತವೆ. ಟಿವಿ, ಮಿಕ್ಸಿ ಬಂದ್. "ಅತ್ತೀ, ಬರ್ರಿ, ಒಂದೆರಡು ಹಾಡು ಕೇಳೋಣ" ಎಂದು ಕರೆಯಿರಿ. ಎದುರಿಗೆ ಕೂರದೆ ಸ್ವಲ್ಪ ಓರೆಯಾಗಿ, ಅವರ ಕಣ್ಣಿನ ಮಟ್ಟದಲ್ಲಿ, ಕೈಗೆ ಕೈ ಎಟಕುವಷ್ಟು ಹತ್ತಿರ ಕೂರಿ.

ಚೆನ್ನಾಗಿ ಗೊತ್ತಿರುವ, ಮಧ್ಯಮ ನಡೆಯ ಹಾಡಿನಿಂದ ಶುರುಮಾಡಿ, ನಡುವೆ ಒಂದೆರಡು ಚುರುಕಾದದ್ದು, ಕೊನೆಗೆ ನಿಧಾನದ್ದು. ಐದಾರು ಹಾಡಿಗೆ ಅರ್ಧ ಗಂಟೆ ಆಗಿಹೋಗುತ್ತದೆ. ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ ಅರ್ಧ ನಿಮಿಷ ಬಿಡಿ, ಮಾತು ಬರುವುದಿದ್ದರೆ ಆ ಬಿಡುವಿನಲ್ಲೇ ಬರುತ್ತದೆ. "ಇದು ಯಾವ ಸಿನಿಮಾ ಹೇಳಿ ನೋಡೋಣ" ಎಂದು ಮಾತ್ರ ಕೇಳಬೇಡಿ. ಪ್ರೀತಿಯಿಂದಲೇ ಕೇಳಿದರೂ ಅದು ಪರೀಕ್ಷೆ, ಉತ್ತರ ಬಾರದಾಗ ಅವರು ಕುಗ್ಗುತ್ತಾರೆ. "ಈ ದನಿ ಎಷ್ಟು ಚೆಂದ ಐತಲ್ರಿ" ಎನ್ನಿ, ಅದಕ್ಕೆ ಉತ್ತರ ಬೇಕಾಗಿಲ್ಲ. ನೀವು ಗುನುಗುತ್ತಾ ಸಾಲಿನ ಕೊನೆಯ ಪದವನ್ನು ಬಿಟ್ಟು ಕಾಯಿರಿ. ಐದರಿಂದ ಹತ್ತು ಸೆಕೆಂಡ್ ಬೇಕಾದೀತು. ಅವರು ತುಂಬಿದರೆ ಸಂತೋಷ, ತಪ್ಪು ಪದ ತುಂಬಿದರೂ ಅದೇ ಸಂತೋಷ, ತಿದ್ದಬೇಡಿ. ಎದ್ದು ಕುಣಿಯಬೇಕೆನಿಸಿದರೆ ಕುಣಿಯಲಿ, ಆದರೆ ಚಾಪೆ, ಕಾಲೊರಸು ಮೊದಲೇ ಸರಿಸಿ, ಮೊಣಕೈ ಹಿಡಿದು ಜೊತೆ ನಿಲ್ಲಿ. ಬಾಯಲ್ಲಿ ತುತ್ತಿರುವಾಗ ಹಾಡಿಸಬೇಡಿ, ಶ್ವಾಸನಾಳಕ್ಕೆ ಹೋದೀತು.

ಹಾಡಿನೊಂದಿಗೆ ಹೊತ್ತೂ ಸ್ಥಳವೂ ಅಂಟಿಕೊಂಡಿರುತ್ತವೆ, ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ಸಂಜೆ ಸುಪ್ರಭಾತ ಹಾಕಿದರೆ ಬೆಳಗಾಯಿತೆಂದು ಸ್ನಾನಕ್ಕೆ, ಅಂಗಳಕ್ಕೆ ನೀರು ಹಾಕಲು ಹೊರಡುತ್ತಾರೆ. ಮದುವೆಯ ಸೋಬಾನೆ, ತವರಿನ ಪದ ಕೇಳಿದರೆ ನಿಮ್ಮ ಅತ್ತೆಯವರ "ಊರಿಗೆ ಹೋಗ್ತೀನಿ" ಇನ್ನೂ ಜೋರಾಗಬಹುದು. ಅವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ. ಇದನ್ನೇ ಅನುಕೂಲಕ್ಕೂ ಬಳಸಬಹುದು: ದಿನವೂ ಮಂಗಳಾರತಿಯ ಹಾಡಿನಿಂದಲೇ ಮುಗಿಸಿದರೆ ಇವತ್ತಿಗೆ ಇಷ್ಟೇ ಎಂಬುದು ಅವರಿಗೆ ಮಾತಿಲ್ಲದೆ ತಿಳಿಯುತ್ತದೆ. ಸ್ನಾನಕ್ಕೆ ಹಟ ಮಾಡುವವರಿಗೆ ಸ್ನಾನದ ಹತ್ತು ನಿಮಿಷ ಮುಂಚಿನಿಂದ ಒಂದೇ ಹಾಡು ಹಾಕುವ ರೂಢಿಯೂ ಕೆಲಸ ಮಾಡುತ್ತದೆ.

ಅತ್ತರೆ? ಅಳು ಎಂದರೆ ಕೆಟ್ಟದ್ದೆಂದು ಕೂಡಲೇ ಬಂದ್ ಮಾಡಬೇಡಿ. ಕಣ್ಣೀರು ಬಂದರೂ ಮೈ ಸಡಿಲವಾಗಿದ್ದು ನಿಮ್ಮ ಕೈ ಹಿಡಿದುಕೊಂಡಿದ್ದರೆ ಸುಮ್ಮನೆ ಜೊತೆಗಿರಿ. ಮುಷ್ಟಿ ಬಿಗಿದರೆ, ಕಿವಿ ಮುಚ್ಚಿದರೆ, ನಿಮ್ಮನ್ನು ತಳ್ಳಿದರೆ ಹತ್ತು ಸೆಕೆಂಡಿನಲ್ಲಿ ಸದ್ದನ್ನು ನಿಧಾನಕ್ಕೆ ಇಳಿಸಿ ನಿಲ್ಲಿಸಿ, ನೀರು ಕೊಡಿ, ಬೇರೆ ಕೋಣೆಗೆ ಕರೆದೊಯ್ಯಿರಿ, ಆ ಹಾಡಿನ ಮೇಲೆ ಗೀಟು ಹಾಕಿ. ತೀರಿಕೊಂಡ ಮಗುವನ್ನೋ ಗಂಡನನ್ನೋ ನೆನಪಿಸುವ ಹಾಡು ಮನೆಯವರಿಗೆ ಮೊದಲೇ ಗೊತ್ತಿದ್ದರೆ ಪಟ್ಟಿಗೆ ಸೇರಿಸುವುದೇ ಬೇಡ.

ಒಂದೇ ಹಾಡನ್ನು ಮತ್ತೆ ಮತ್ತೆ ಕೇಳುವವರಿದ್ದಾರೆ, ಮುಖ್ಯವಾಗಿ ಮೆದುಳಿನ ಮುಂಭಾಗ ಸವೆಯುವ ಬಗೆಯ ಮರೆವಿನ ಕಾಯಿಲೆಯಲ್ಲಿ. ಅವರಿಗೆ ಬೇಸರವಿಲ್ಲ, ನಿಮಗಿದೆ. ಆ ಬೇಸರ ತಪ್ಪಲ್ಲ. ಐದು ಹಾಡಿನಲ್ಲಿ ಒಂದು ನಿಮಗೆ ಇಷ್ಟವಾದದ್ದಿರಲಿ, ಅವರ ಕಾಲದ್ದೇ ಆಗಿ ನಿಮಗೂ ಹಿಡಿಸುವುದನ್ನು ಹುಡುಕಿ. ತಾಳ್ಮೆ ತಪ್ಪಿದ ದಿನ ಬಿಟ್ಟುಬಿಡಿ, ವಾರಕ್ಕೆ ನಾಲ್ಕೈದು ದಿನ ಆದರೂ ಸಾಕು. ಹಲ್ಲು ಕಚ್ಚಿಕೊಂಡು ಪಕ್ಕದಲ್ಲಿ ಕೂತರೆ ಅವರಿಗೆ ಅದು ತಿಳಿಯುತ್ತದೆ; ಮಾತು ಹೋದ ಮೇಲೂ ಮುಖ ಓದುವುದು ಬಹಳ ಕಾಲ ಉಳಿದಿರುತ್ತದೆ. ನಿಮ್ಮ ಯಜಮಾನರೂ ಮಕ್ಕಳೂ ವಾರದಲ್ಲಿ ಎರಡೆರಡು ದಿನ ಹಂಚಿಕೊಳ್ಳಲಿ ಎಂದು ಗಟ್ಟಿಯಾಗಿಯೇ ಹೇಳುತ್ತೇವೆ. ಇದು ಸೊಸೆಯೊಬ್ಬಳ ಕೆಲಸವಲ್ಲ.

ನೋಡಿಕೊಳ್ಳಲು ಆಳು ಇಟ್ಟಿದ್ದು ಅವರಿಗೆ ಕನ್ನಡ ಬಾರದಿದ್ದರೆ, ಒಂದು ರಟ್ಟಿನ ಮೇಲೆ ಹೊತ್ತು, ಪೆನ್‌ಡ್ರೈವ್‌ನ ಹಾಡಿನ ಅಂಕಿ, ಸದ್ದಿನ ಅಂಕಿ, ನಿಲ್ಲಿಸಬೇಕಾದ ಗುರುತುಗಳನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಬರೆದು ಸ್ಪೀಕರಿನ ಪಕ್ಕ ಇಡಿ. ಹೊರದೇಶದ ಆರೈಕೆ ಮನೆಗಳಲ್ಲಿ ಅಪ್ಪ ಅಮ್ಮನನ್ನು ಬಿಟ್ಟಿರುವ ಕನ್ನಡದವರಿಗೂ ಈ ರಟ್ಟು ಬಹಳ ಉಪಯೋಗಕ್ಕೆ ಬರುತ್ತದೆ. ಅಲ್ಲಿನ ಸಿಬ್ಬಂದಿಗೆ ಹಾಡಿನ ಅರ್ಥ ತಿಳಿಯಬೇಕಿಲ್ಲ, ಯಾವಾಗ ಯಾವುದು ಎಂದು ತಿಳಿದರೆ ಆಯಿತು.

ಕಾಯಿಲೆ ಮುಂದುವರಿದಂತೆ ಅರ್ಧ ಗಂಟೆಯನ್ನು ಹತ್ತು ನಿಮಿಷಕ್ಕೆ, ಆಮೇಲೆ ಐದಕ್ಕೆ ಇಳಿಸಿ. ವಾದ್ಯಗಳ ಗುಂಪಿಗಿಂತ ಒಂಟಿ ದನಿಯ ಹಾಡು ಆಗ ಹಿತ. ಹಾಸಿಗೆ ಹಿಡಿದವರಿಗೆ ನೀವೇ ಕೈ ನೇವರಿಸುತ್ತಾ ಗುನುಗಿದರೆ ಯಾವ ಯಂತ್ರವೂ ಬೇಕಿಲ್ಲ.

ಕೊನೆಯದಾಗಿ, ಎಲ್ಲ ತಳಮಳಕ್ಕೂ ಹಾಡು ಹುಡುಕಬೇಡಿ. ಒಂದೆರಡು ದಿನದಲ್ಲೇ ಥಟ್ಟನೆ ಮಂಕಾದರೆ ಅಥವಾ ವಿಪರೀತ ಗಲಾಟೆ ಶುರುವಾದರೆ ಮೂತ್ರದ ಸೋಂಕು, ಮಲಬದ್ಧತೆ, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಹೊಸ ಮಾತ್ರೆ ಇವುಗಳಲ್ಲೊಂದು ಕಾರಣವಿರಬಹುದು. ಅದೇ ದಿನ ವೈದ್ಯರಿಗೆ ತೋರಿಸಿ. ಹಾಡು ಕೇಳುತ್ತಾರೆಂದು ಕೊಡುತ್ತಿರುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ನಿಮ್ಮ ಊರಿನಲ್ಲಿ ಮನೋವೈದ್ಯರನ್ನೋ ನರರೋಗ ತಜ್ಞರನ್ನೋ ಕಾಣುವಾಗ ಆ ನೋಟ್‌ಬುಕ್ ಒಯ್ಯಿರಿ. ಸಂಜೆಯ ತಳಮಳ ಎಷ್ಟಕ್ಕೆ ಶುರುವಾಗಿ ಎಷ್ಟಕ್ಕೆ ಇಳಿಯುತ್ತದೆ ಎಂಬ ನಿಮ್ಮ ಬರಹ ಮಾತ್ರೆಯ ಹೊತ್ತು ಗೊತ್ತುಮಾಡಲು ಅವರಿಗೆ ನೆರವಾಗುತ್ತದೆ. ನಿಮಗೇ ತಡೆಯಲಾರದಷ್ಟು ಆಯಾಸವಾದಾಗ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ವಿಷಯದ ಉಳಿದ ನೆರವಿಗೆ 14567 ಇದೆ.